ಬಸ್ರೂರಿನ ನಾದಶಿಲ್ಪಿ

ವಿದ್ಯೆಯು ಗುರುಮುಖದಿಂದಲೇ ಬರತಕ್ಕದ್ದೆಂಬುದು ನಮ್ಮ ಹಿರಿಯರ ದೃಢವಾದ ನಂಬಿಕೆ. ಆದರೆ ಅದೇ ಹಿರಿಯರು ವಿದ್ಯೆಯನ್ನು ನಾಲ್ಕು ಪಾಲುಮಾಡಿ, ಅವುಗಳಲ್ಲಿ ಒಂದನ್ನು ಮಾತ್ರ ಗುರುವಿಗೆ ಬಿಟ್ಟು, ಎರಡನೆಯದನ್ನು ಶಿಷ್ಯನ ಸ್ವಂತ ಬುದ್ಧಿಗೂ, ಮೂರನೆಯದನ್ನು ಜೊತೆಯಲ್ಲಿ ಕಲಿಯುವವರಿಗೂ, ನಾಲ್ಕನೆಯದನ್ನು ಕಾಲಕ್ಕೂ ವಹಿಸಿಕೊಟ್ಟಿರುವರು. ಪಾಠಶಾಲೆಯಲ್ಲಿ ಮೂವತ್ತಕ್ಕೂ ಮಿಕ್ಕಿ ವರ್ಷಗಳನ್ನು ಕಳೆದ ನಮಗೆ ಈ ಲೆಕ್ಕವು ಎಂದೂ ತಪ್ಪೆಂದು ಕಂಡುದಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಬರುವ ಏಕಲವ್ಯನು ಗುರುವಿನ ಮಣ್ಣಿನ ಪ್ರತಿಮೆಯನ್ನು ಮುಂದಿಟ್ಟುಕೊಂಡು ಬಿಲ್ವಿದ್ಯೆಯನ್ನು ಸಾಧಿಸಿದನು. ಅಲ್ಲಿಯೂ ಗುರುವಿನ ಪಾಲು ಲೋಪವಾಗಲಿಲ್ಲ, ಅದು ಬಂದ ದಾರಿ ಮಾತ್ರ ಬೇರೆಯಾಯಿತು. ತಾನಾಗಿ ಕಲಿತವನು ಎಂದು ನಾವು ಯಾರನ್ನು ಕರೆಯುತ್ತೇವೆಯೋ ಅವನು ಯಾರಿಂದಲೂ ಕಲಿಯದವನಲ್ಲ. ಶಾಲೆಯ ಹೊರಗೆ ಗುರುವನ್ನು ಕಂಡುಕೊಂಡವನು.

ಈ ಮಾತಿಗೆ ನಮ್ಮ ಕುಂದಾಪುರದ ಸೀಮೆಯಲ್ಲಿಯೇ ಒಂದು ಜೀವಂತವಾದ ನಿದರ್ಶನವಿರುವುದು. ಕೀಬೋರ್ಡು ಎಂಬ ಮನೆವಾದ್ಯವನ್ನು ಹಿಡಿದು, ಕಸುಬಿನ ಮೆಟ್ಟಿಲುಗಳಿಂದಲೇ ಮೇಲೇರಿ, ಇಂದು ಭಾರತದ ಹಲವು ಭಾಷೆಗಳ ಚಲನಚಿತ್ರಗಳಿಗೆ ಸಂಗೀತವನ್ನು ಸಂಯೋಜಿಸುತ್ತಿರುವ ಶ್ರೀ ರವಿ ಬಸ್ರೂರರ ವೃತ್ತಾಂತವನ್ನು ಗೃಹಸ್ಥರಾದ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅವರ ಚಿತ್ರಗಳನ್ನು ನೋಡಿ ಮೆಚ್ಚಿದವರೂ ಇರಬಹುದು, ಅವುಗಳ ಅಬ್ಬರಕ್ಕೆ ಕಿವಿಮುಚ್ಚಿಕೊಂಡವರೂ ಇರಬಹುದು. ಇಬ್ಬರಿಗೂ ಈ ಬಾಳಿನಲ್ಲಿ ಯೋಚಿಸತಕ್ಕ ಸಂಗತಿಯುಂಟು.

ಊರು ಮತ್ತು ಕಸುಬು

ಬಸ್ರೂರು ಕುಂದಾಪುರದಿಂದ ಮೂಡಲಿಗೆ ಕೆಲವೇ ಮೈಲಿಗಳ ದೂರದಲ್ಲಿ ನದಿಯ ದಡದಲ್ಲಿರುವ ಊರು. ಇಂದು ಅದನ್ನು ನೋಡಿದವರಿಗೆ ತೆಂಗು, ಗದ್ದೆ, ದೇವಾಲಯಗಳ ಒಂದು ಶಾಂತವಾದ ಗ್ರಾಮವೆಂದಷ್ಟೇ ತೋರೀತು. ಆದರೆ ವಿಜಯನಗರದ ಕಾಲದಲ್ಲಿ ಅದು ಪಡುವಣ ಕರಾವಳಿಯ ಹೆಸರಾಂತ ಬಂದರುಗಳಲ್ಲೊಂದಾಗಿತ್ತು. ಪೋರ್ತುಗೀಸರು ಅದನ್ನು ಬಾರ್ಸೆಲೋರ್ ಎಂದು ಕರೆದರು. 1665ರಲ್ಲಿ ಶಿವಾಜಿಯು ಹಡಗುಗಳೊಡನೆ ಬಂದು ಈ ಪೇಟೆಯನ್ನು ಸೂರೆಮಾಡಿದನೆಂಬುದು ಇತಿಹಾಸ. ಅಂತಹ ಪೇಟೆಗೆ ಶಿಲ್ಪಿಗಳೂ ಲೋಹಕಾರರೂ ಬೇಕೇ ಬೇಕು. ದೇವರ ಮೂರ್ತಿ, ಪ್ರಭಾವಳಿ, ಆಭರಣ, ಬಾಗಿಲಿನ ಚಿಲಕ, ನೇಗಿಲಿನ ಗುಳ, ಇವೆಲ್ಲವೂ ಅವರ ಕೈಯಿಂದಲೇ ಬರಬೇಕು.

ರವಿಯವರು ಹುಟ್ಟಿದುದು ಲೋಹವನ್ನು ಕಾಯಿಸಿ, ಬಡಿದು, ರೂಪಕೊಡುವ ಕಸುಬಿನ ಮನೆಯಲ್ಲಿ. ತಂದೆತಾಯಿಗಳಿಟ್ಟ ಹೆಸರು ಕಿರಣ. ಕುಲುಮೆಯ ಮನೆಯಲ್ಲಿ ಬೆಳೆಯುವ ಮಗುವಿನ ಕಿವಿಗೆ ಮೊದಲು ಬೀಳುವುದು ಸುತ್ತಿಗೆಯ ಸದ್ದು. ಅದನ್ನು ಬರಿಯ ಗದ್ದಲವೆಂದು ತಿಳಿಯಬಾರದು. ಕೆಂಪಗೆ ಕಾದ ಲೋಹದ ಮೇಲೆ ಬೀಳುವ ಪೆಟ್ಟಿಗೆ ಒಂದು ಸದ್ದು, ಆರಿದ ಲೋಹಕ್ಕೆ ಮತ್ತೊಂದು. ತಗಡಿಗೆ ಒಂದು, ಗಟ್ಟಿಗೆ ಮತ್ತೊಂದು. ಇಬ್ಬರು ಎದುರುಬದುರಾಗಿ ನಿಂತು ಒಬ್ಬರ ಪೆಟ್ಟಿನ ನಡುವೆ ಇನ್ನೊಬ್ಬರು ಬಡಿಯುವಾಗ, ಕಾಲವು ಒಂದು ಕೂದಲೆಳೆಯಷ್ಟು ತಪ್ಪಿದರೂ ಕೈಗೆ ಅಪಾಯ. ತಾಳವೆಂದರೇನೆಂದು ಪುಸ್ತಕದಲ್ಲಿ ಓದಿ ತಿಳಿಯುವ ಬಾಲಕನಿಗಿಂತ ಈ ಬಾಲಕನು ಎಷ್ಟು ಮುಂದಿರುವನೆಂಬುದನ್ನು ವಾಚಕರೇ ಊಹಿಸಬಹುದು.

ಮನೆಯ ಹೊರಗೆ ಇನ್ನೊಂದು ಪಾಠಶಾಲೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯೆಂದರೆ ಬಡಗುತಿಟ್ಟಿನ ಯಕ್ಷಗಾನದ ತವರು. ಸುಗ್ಗಿಯ ಕೊಯ್ಲು ಮುಗಿದು ಗದ್ದೆ ಬರಿದಾಗುವ ಹೊತ್ತಿಗೆ ಮೇಳಗಳ ತಿರುಗಾಟವು ಭರದಿಂದ ನಡೆದಿರುತ್ತದೆ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೊದಲಾದ ಮೇಳಗಳ ಚಂಡೆಯ ಧ್ವನಿಯು ರಾತ್ರಿಯ ಗಾಳಿಯಲ್ಲಿ ಊರಿಂದೂರಿಗೆ ಹಾಯುವುದು. ಭಾಗವತನ ಕೈಯ ತಾಳವು ಇಡೀ ರಂಗಕ್ಕೆ ಲಗಾಮು. ಮದ್ದಳೆಯು ಅದಕ್ಕೆ ನಡೆ, ಚಂಡೆಯು ಅದಕ್ಕೆ ರೋಷ. ಹಿಂದೆ ಶ್ರುತಿಗೆ ಪುಂಗಿಯಿತ್ತು. ಆಮೇಲೆ ಆ ಜಾಗಕ್ಕೆ ಹಾರ್ಮೋನಿಯಮ್ಮು ಬಂದಿತು. ಬೈಂದೂರು ತಾಲೂಕಿಗೆ ಸೇರಿದ ಕೊಲ್ಲೂರಿನಲ್ಲಿ ಮೂಕಾಂಬಿಕೆಯ ಸನ್ನಿಧಿಯು ಗಾಯಕರಿಗೆ ಯಾತ್ರಾಸ್ಥಳ. ಗಾಯಕ ಯೇಸುದಾಸರು ತಮ್ಮ ಜನ್ಮದಿನವಾದ ಜನವರಿ 10ರಂದು ಅನೇಕ ವರ್ಷ ಅಲ್ಲಿಗೆ ಬಂದು ಹಾಡಿರುವರು. ಊರೂರಿನ ಭಜನಾಮಂದಿರಗಳ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಇಂತಹ ಸೀಮೆಯಲ್ಲಿ ಕಿವಿ ತೆರೆದಿರುವವನಿಗೆ ಗುರುವಿನ ಪಾಲು ಪುಕ್ಕಟೆಯಾಗಿಯೇ ಸಿಗುತ್ತದೆ.

ಹೆಸರು ಬದಲಾದ ಬಗೆ

ಗುರುವಿನ ಪಾಲು ಪುಕ್ಕಟೆಯಾದರೂ ವಾದ್ಯವು ಪುಕ್ಕಟೆಯಲ್ಲ. ಹಳ್ಳಿಯ ಕಸುಬುದಾರರ ಮನೆಗೆ ಒಂದು ಒಳ್ಳೆಯ ಕೀಬೋರ್ಡಿನ ಬೆಲೆಯೆಂದರೆ ಹಲವು ತಿಂಗಳ ಅನ್ನದ ಬೆಲೆ. ಸಂಗೀತವನ್ನೇ ಬಾಳಿನ ದಾರಿಯಾಗಿ ಮಾಡಿಕೊಳ್ಳಬೇಕೆಂದು ಊರುಬಿಟ್ಟು ಹೊರಟ ಯುವಕ ಕಿರಣನು ಪಟ್ಟಣದಲ್ಲಿ ಬಹಳ ಕಷ್ಟಪಟ್ಟನು. ಆ ಸಮಯದಲ್ಲಿ ಒಬ್ಬ ಸಹೃದಯರು ಅವನಿಗೆ ವಾದ್ಯವನ್ನು ಕೊಳ್ಳಲು ಹಣವನ್ನಿತ್ತರು. ಆ ಉಪಕಾರಕ್ಕೆ ಕಿರಣನು ಕೊಟ್ಟ ಪ್ರತಿಫಲವು ಲೋಕದಲ್ಲಿ ಅಪರೂಪವಾದುದು: ತಂದೆತಾಯಿಗಳಿಟ್ಟ ಹೆಸರನ್ನು ಬದಿಗಿರಿಸಿ, ಆ ಉಪಕಾರಿಯ ನೆನಪಿಗಾಗಿ ‘ರವಿ’ ಎಂಬ ಹೆಸರನ್ನು ಧರಿಸಿದನು, ಅದರ ಮುಂದೆ ಊರಿನ ಹೆಸರನ್ನು ಜೋಡಿಸಿದನು. ಹೀಗೆ ಇಂದು ಬೆಳ್ಳಿತೆರೆಯ ಮೇಲೆ ಮೂಡುವ ‘ರವಿ ಬಸ್ರೂರು’ ಎಂಬ ಎರಡು ಮಾತುಗಳಲ್ಲಿ ಒಂದು ಋಣವು ಕೈಹಿಡಿದವರದು, ಇನ್ನೊಂದು ಹೊತ್ತ ನೆಲದ್ದು. ಸಂಸ್ಕೃತದಲ್ಲಿ ರವಿಯೆಂದರೆ ಸೂರ್ಯ, ಕಿರಣವೆಂದರೆ ಅವನ ರಶ್ಮಿ. ಕಿರಣವು ತನ್ನ ಮೂಲದ ಹೆಸರನ್ನು ಧರಿಸಿತೆಂಬ ಈ ಹೊಂದಿಕೆಯನ್ನು ಕಂಡು ನಮ್ಮಂತಹ ಹಳೆಯ ಪಂಡಿತರಿಗೆ ಸಂತೋಷವಾಗದಿರುವುದೇ?

ಬಳಿಕ ಅವರು ದುಡಿದುದು ಪರದೆಯ ಹಿಂದೆ. ಚಲನಚಿತ್ರಸಂಗೀತದಲ್ಲಿ ‘ಪ್ರೋಗ್ರಾಮಿಂಗ್’ ಎಂಬ ಕೆಲಸವುಂಟು. ಅದನ್ನು ಮನೆಯವರಿಗೆ ತಿಳಿಯುವಂತೆ ಹೇಳುವುದಾದರೆ ಹೀಗೆ: ಪಿಟೀಲು, ಕೊಳಲು, ನಗಾರಿ, ಗುಂಪುಕಂಠ ಮೊದಲಾದ ನಾದಗಳನ್ನು ಮೊದಲೇ ಧ್ವನಿಮುದ್ರಿಸಿ ಯಂತ್ರದಲ್ಲಿ ತುಂಬಿಟ್ಟಿರುತ್ತಾರೆ. ಕೀಬೋರ್ಡಿನ ಮನೆಗಳನ್ನು ಒತ್ತಿದಾಗ ಆಯಾ ನಾದವು ಹೊರಡುತ್ತದೆ. ಒಂದು ಸಾಲನ್ನು ನುಡಿಸಿ ನಿಲ್ಲಿಸಿ, ಅದರ ಮೇಲೆ ಎರಡನೆಯದನ್ನು, ಮೂರನೆಯದನ್ನು ಹೊದಿಸುತ್ತ ಹೋದರೆ, ಒಬ್ಬನೇ ಮನುಷ್ಯನು ಒಂದು ಕೋಣೆಯಲ್ಲಿ ಕುಳಿತು ನೂರು ಮಂದಿಯ ಮೇಳವನ್ನು ಕಟ್ಟಬಹುದು. ಬೇರೆಬೇರೆ ತಯಾರಕರ ವಾದ್ಯಗಳು ಒಂದರ ಮಾತನ್ನು ಇನ್ನೊಂದು ತಿಳಿಯುವಂತೆ ಮಾಡಿದ ‘ಮಿಡಿ’ ಎಂಬ ಸಾಮಾನ್ಯಸಂಕೇತವು 1983ರಲ್ಲಿ ಬಳಕೆಗೆ ಬಂದಮೇಲೆ ಈ ವಿದ್ಯೆಯು ಜಗತ್ತಿನಲ್ಲೆಲ್ಲ ಹಬ್ಬಿತು. ಇತರರ ರಾಗಗಳಿಗೆ ಹೀಗೆ ಮೈತುಂಬಿಸುವ ಕೆಲಸದಲ್ಲಿಯೇ ರವಿಯವರು ತಮ್ಮ ವಿದ್ಯೆಯ ಮೂರನೆಯ ಪಾಲನ್ನು, ಎಂದರೆ ಜೊತೆಗಾರರಿಂದ ಬರುವುದನ್ನು, ಸಂಪಾದಿಸಿದರು.

ಮನೆವಾದ್ಯಕ್ಕೆ ನಮ್ಮ ನಾಡಿನಲ್ಲಿ ದೊರೆತ ಮರ್ಯಾದೆಯ ಕಥೆಯೂ ಸ್ವಾರಸ್ಯವಾದುದು. ಹಾರ್ಮೋನಿಯಮ್ಮಿನ ಸ್ವರಗಳು ಕಟ್ಟಿಟ್ಟ ಸ್ವರಗಳು. ಗಮಕವು ಅದರಲ್ಲಿ ತೂಗುವುದಿಲ್ಲ. ಈ ಕಾರಣದಿಂದ ಆಕಾಶವಾಣಿಯು 1940ರಲ್ಲಿ ಅದನ್ನು ಬಹಿಷ್ಕರಿಸಿತು. 1971ರವರೆಗೂ ಆ ಬಹಿಷ್ಕಾರವು ಸಡಿಲವಾಗಲಿಲ್ಲ. ಆದರೂ ನಾಟಕಮಂಡಳಿ, ಭಜನೆ, ಹರಿಕಥೆಗಳು ಅದನ್ನು ಬಿಡಲಿಲ್ಲ. ಬಡವರ ಮನೆಯ ಸಂಗೀತಕ್ಕೆ ಆಸರೆಯಾದ ವಾದ್ಯವದು. ಇಂದಿನ ಕೀಬೋರ್ಡಿನಲ್ಲಿ ಸ್ವರವನ್ನು ಬಾಗಿಸುವ ಒಂದು ಚಕ್ರವನ್ನು ಅಳವಡಿಸಿರುವುದರಿಂದ ಆ ಹಳೆಯ ದೋಷವು ಸ್ವಲ್ಪಮಟ್ಟಿಗೆ ಪರಿಹಾರವಾಗಿದೆ.

ಕೃತಿಗಳು

2014ರಲ್ಲಿ ಪ್ರಶಾಂತ ನೀಲರು ನಿರ್ದೇಶಿಸಿದ ಮೊದಲ ಚಿತ್ರ ‘ಉಗ್ರಂ’ ತೆರೆಗೆ ಬಂದಿತು. ಅದಕ್ಕೆ ಸಂಗೀತವನ್ನಿತ್ತವರು ರವಿ ಬಸ್ರೂರರು. ಅಲ್ಲಿಂದ ಈ ಜೋಡಿಯು ಅಗಲಲಿಲ್ಲ. ಕೋಲಾರದ ಚಿನ್ನದ ಗಣಿಯನ್ನು ಹಿನ್ನೆಲೆಯಾಗಿ ಕಲ್ಪಿಸಿದ ‘ಕೆ.ಜಿ.ಎಫ್.’ ಚಿತ್ರದ ಮೊದಲನೆಯ ಭಾಗವು 2018ರ ಡಿಸೆಂಬರಿನಲ್ಲಿಯೂ, ಎರಡನೆಯ ಭಾಗವು 2022ರ ಏಪ್ರಿಲಿನಲ್ಲಿಯೂ ಕನ್ನಡ, ತೆಲುಗು, ತಮಿಳು, ಮಲೆಯಾಳ, ಹಿಂದೀ ಭಾಷೆಗಳಲ್ಲಿ ಬಿಡುಗಡೆಯಾದುವು. ಎರಡನೆಯ ಭಾಗದ ಒಟ್ಟು ಗಳಿಕೆಯು 1000 ಕೋಟಿ ರೂಪಾಯಿಗಳನ್ನು ಮೀರಿತು. ಕನ್ನಡದ ಚಿತ್ರವೊಂದು ಆ ಗೆರೆಯನ್ನು ದಾಟಿದುದು ಅದೇ ಮೊದಲು. 2023ರ ‘ಸಲಾರ್’ ಎಂಬ ತೆಲುಗು ಚಿತ್ರ, 2024ರಲ್ಲಿ ಮಲೆಯಾಳದ ‘ಮಾರ್ಕೊ’, ಅದೇ ವರ್ಷ ಹಿಂದಿಯ ‘ಸಿಂಘಂ ಅಗೇನ್’ ಚಿತ್ರದ ಹಿನ್ನೆಲೆಸಂಗೀತ, ಹೀಗೆ ಬಸ್ರೂರಿನ ಹೆಸರು ಹಡಗುಗಳ ಕಾಲದ ಬಳಿಕ ಮತ್ತೊಮ್ಮೆ ದೂರದೇಶಗಳಿಗೆ ಹೋಗಿದೆ.

ಈ ಸಂಗೀತದ ಲಕ್ಷಣವೇನು? ಕೆ.ಜಿ.ಎಫ್. ಚಿತ್ರವನ್ನು ಕಣ್ಣುಮುಚ್ಚಿ ಕೇಳಿದರೆ ಎರಡು ಸಂಗತಿಗಳು ಮುಖ್ಯವಾಗಿ ಕಿವಿಗೆ ಬೀಳುತ್ತವೆ. ಒಂದು, ಲೋಹದ ಮೇಲೆ ಪೆಟ್ಟುಬಿದ್ದಂತೆ ಭಾರವಾಗಿ ನಡೆಯುವ ತಾಳ. ಮತ್ತೊಂದು, ಹಲವು ಕಂಠಗಳು ಒಂದಾಗಿ ಎತ್ತಿದ ಘೋಷ. ಇವುಗಳ ನಡುವೆ ತಾಯಿಯ ನೆನಪು ಬಂದಾಗ ಎಲ್ಲವೂ ಉಡುಗಿ ಒಂದೇ ಒಂದು ತೆಳುವಾದ ರಾಗವು ಉಳಿಯುತ್ತದೆ. ಕುಲುಮೆ, ಮೇಳ, ಭಜನೆ, ಈ ಮೂರೂ ಅಲ್ಲಿರುವುವೆಂದು ನಾವು ಹೇಳಿದರೆ ಅತಿಶಯೋಕ್ತಿಯಾಗದು. ಆ ಚಿತ್ರದ ಎರಡನೆಯ ಭಾಗದಲ್ಲಿ ಹಾಡಿದವರ ಪಟ್ಟಿಯಲ್ಲಿ ಸುಚೇತಾ ಬಸ್ರೂರು, ಸಚಿನ್ ಬಸ್ರೂರು ಎಂಬ ಹೆಸರುಗಳೂ ಇವೆ. ಒಬ್ಬನು ಏರಿದ ಏಣಿಯನ್ನು ಮೇಲಕ್ಕೆಳೆದುಕೊಳ್ಳಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ದೋಷವನ್ನು ಹೇಳದೆ ಗುಣವನ್ನು ಮಾತ್ರ ಹೇಳುವುದು ವಿಮರ್ಶೆಯಲ್ಲ. ಹೊಡೆದಾಟವೇ ಪ್ರಧಾನವಾದ ಇಂದಿನ ಚಿತ್ರಗಳಲ್ಲಿ ಸಂಗೀತವು ಮಾತನ್ನು ಮುಳುಗಿಸುವಷ್ಟು ಮೊರೆಯುವುದುಂಟು. ರವಿಯವರ ಕೆಲವು ಕೃತಿಗಳಿಗೂ ಈ ಮಾತು ಸಲ್ಲುತ್ತದೆ. ಚಂಡೆಯು ವೀರರಸಕ್ಕೆ ಏಳಬೇಕು. ಇರುಳೆಲ್ಲ ಅದೊಂದೇ ಬಡಿದರೆ ಪ್ರಸಂಗವು ಸೊರಗುವುದೆಂಬುದನ್ನು ನಮ್ಮ ಭಾಗವತರು ಬಲ್ಲರು. ಆ ಸಂಯಮವನ್ನು ಕಾಲವು ಅವರಿಗೆ ಇನ್ನಷ್ಟು ಕಲಿಸಲಿ. ವಿದ್ಯೆಯ ನಾಲ್ಕನೆಯ ಪಾಲು ಕಾಲಕ್ಕೆ ಮೀಸಲಲ್ಲವೆ?

ಹೊರಜಗತ್ತಿನ ಒಂದು ಹೋಲಿಕೆ

ತಾಳವಾದ್ಯದ ನಾಡಿನಲ್ಲಿ ಬೆಳೆದ ಕೈಯು ಮನೆವಾದ್ಯವನ್ನು ಹಿಡಿದಾಗ ಹೊಸದೊಂದು ಸಂಗೀತವು ಹುಟ್ಟುವುದು ನಮ್ಮಲ್ಲಿ ಮಾತ್ರವಲ್ಲ. ಅಟ್ಲಾಂಟಿಕ್ ಸಮುದ್ರದ ಕ್ಯೂಬಾ ದ್ವೀಪದಲ್ಲಿ ಆಫ್ರಿಕದಿಂದ ಗುಲಾಮರಾಗಿ ಬಂದವರ ಮದ್ದಳೆಗಳೂ, ಐರೋಪ್ಯರ ಪಿಯಾನೋ ವಾದ್ಯವೂ ಕೂಡಿದುವು. ಅಲ್ಲಿ ‘ಕ್ಲಾವೆ’ ಎಂಬ ಎರಡು ಮರದ ತುಂಡುಗಳನ್ನು ಒಂದಕ್ಕೊಂದು ತಾಗಿಸಿ ಮೂರು ಪೆಟ್ಟು, ಎರಡು ಪೆಟ್ಟು ಎಂಬ ಕ್ರಮದಲ್ಲಿ ತಾಳವನ್ನು ಹಿಡಿಯುತ್ತಾರೆ; ನಮ್ಮ ಭಾಗವತನ ತಾಳದಂತೆ ಇಡೀ ಮೇಳಕ್ಕೆ ಅದೇ ಆಧಾರ. ಪಿಯಾನೋ ನುಡಿಸುವವನು ಒಂದು ಚಿಕ್ಕ ಸ್ವರಮಾಲೆಯನ್ನು ಆ ತಾಳಕ್ಕೆ ಹೊಂದಿಸಿ ಮತ್ತೆಮತ್ತೆ ಬಡಿಯುವನು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1940ರ ದಶಕದಲ್ಲಿ ಇದು ಅಲ್ಲಿಯ ಜಾಜ್ ಸಂಗೀತವನ್ನು ಬೆರೆತು ‘ಲ್ಯಾಟಿನ್ ಜಾಜ್’ ಎಂಬ ಹೆಸರನ್ನು ಪಡೆಯಿತು.

ಆ ಸಂಗೀತದ ಮೂಲಪುರುಷರಲ್ಲಿ ಚಾನೊ ಪೊಸೊ ಎಂಬಾತನು ಒಬ್ಬ. ಹವಾನಾ ನಗರದ ಬಡಕೇರಿಯಲ್ಲಿ ಮದ್ದಳೆಯನ್ನು ಕಲಿತ ಅವನಿಗೆ ಸ್ವರಲಿಪಿಯನ್ನು ಓದಲು ಬರುತ್ತಿರಲಿಲ್ಲ. ತಾನು ಕಟ್ಟಿದ ಸ್ವರಗಳನ್ನು ಬಾಯಲ್ಲಿ ಹಾಡಿತೋರಿಸಿ, ಬಲ್ಲವರಿಂದ ಬರೆಯಿಸಿದನು. ಕಹಳೆವಾದ್ಯದ ಪ್ರಸಿದ್ಧನಾದ ಡಿಜಿ ಗಿಲೆಸ್ಪಿಯೊಡನೆ ಸೇರಿ 1947ರಲ್ಲಿ ಅವನು ರಚಿಸಿದ ‘ಮಾಂಟೆಕಾ’ ಎಂಬುದು ಇಂದಿಗೂ ಜಗತ್ತಿನಾದ್ಯಂತ ನುಡಿಯುತ್ತಿದೆ. ಮರುವರ್ಷವೇ ಅವನು ಕೊಲೆಗೀಡಾದನು. ಅದೇ ಪರಂಪರೆಯ ಹಿರಿಯ ಪಿಯಾನೋವಾದಕನೂ ವಾಗ್ಗೇಯಕಾರನೂ ಆಗಿ 2025ರಲ್ಲಿ ತೀರಿಕೊಂಡ ಎಡ್ಡಿ ಪಾಲ್ಮಿಯೇರಿಯು ಹುಡುಗನಾಗಿದ್ದಾಗ ತನ್ನ ಮಾವನ ಮೇಳದಲ್ಲಿ ಚರ್ಮವಾದ್ಯವನ್ನು ಬಾರಿಸಿ, ಆಮೇಲೆ ಪಿಯಾನೋವಿಗೆ ಮರಳಿದವನು. ಆ ಬಾರಿಸುವ ಕೈಯು ಕೊನೆಯವರೆಗೂ ಅವನ ಪಿಯಾನೋವಿನಲ್ಲಿ ಕೇಳಿಸುತ್ತಿತ್ತು. ‘ಮಿಸ್ಟಿ’ ಎಂಬ ಜನಪ್ರಿಯ ಕೃತಿಯನ್ನು 1954ರಲ್ಲಿ ರಚಿಸಿದ ಜಾಜ್ ಪಿಯಾನೋವಾದಕ ಎರಲ್ ಗಾರ್ನರನಂತೂ ತನ್ನ ಜೀವಮಾನದಲ್ಲಿ ಸ್ವರಲಿಪಿಯನ್ನು ಓದಲು ಕಲಿಯಲೇ ಇಲ್ಲ. ಅಕ್ಷರವಿಲ್ಲದೆ ಕಾವ್ಯವು ಹುಟ್ಟಬಲ್ಲುದೆಂಬುದಕ್ಕೆ ನಮ್ಮ ಜನಪದದ ಹೆಂಗಸರು ಸಾಕ್ಷಿಯಾದರೆ, ಲಿಪಿಯಿಲ್ಲದೆ ಸಂಗೀತವು ಹುಟ್ಟಬಲ್ಲುದೆಂಬುದಕ್ಕೆ ಇವರು ಸಾಕ್ಷಿ.

ಹೊರಗಿನ ವಾದ್ಯವೆಂದರೆ ನಮ್ಮ ಕಲೆಗೆ ಮೈಲಿಗೆಯೆಂದು ಹೆದರುವವರು ಬ್ರಹ್ಮಾವರ ತಾಲೂಕಿನ ಕೋಟದವರಾದ ಡಾಕ್ಟರ್ ಶಿವರಾಮ ಕಾರಂತರನ್ನು ನೆನೆಯಬೇಕು. ಅವರು ತಮ್ಮ ಯಕ್ಷಗಾನದ ನೃತ್ಯರೂಪಕಗಳಲ್ಲಿ ಪಿಟೀಲನ್ನೂ, ಜಾಜ್ ಸಂಗೀತದ ಮುಖ್ಯವಾದ್ಯವಾದ ಸ್ಯಾಕ್ಸೊಫೋನನ್ನೂ ಬಳಸಿದರು. ಮೆಚ್ಚಿದವರೂ ಜಗಳವಾಡಿದವರೂ ಇದ್ದರು. ಆದರೆ ಯಕ್ಷಗಾನವು ಅದರಿಂದ ಸಾಯಲಿಲ್ಲ.

ಊರಿಗೆ ಮರಳಿದುದು

2020ರಲ್ಲಿ ಕೊರೋನಾ ಮಾರಿಯು ಹಬ್ಬಿ ಪಟ್ಟಣಗಳ ಕೆಲಸವೆಲ್ಲ ನಿಂತಾಗ ರವಿಯವರು ಬಸ್ರೂರಿಗೆ ಹಿಂತಿರುಗಿದರು. ತಂದೆಯ ಜೊತೆಯಲ್ಲಿ ಕುಳಿತು ಲೋಹವನ್ನು ಬಡಿದರು. ಒಂದು ದಿನದ ದುಡಿಮೆಗೆ ದೊರೆತ ಕೂಲಿಯು 35 ರೂಪಾಯಿಯೆಂದು ಅವರೇ ಲೋಕಕ್ಕೆ ತಿಳಿಸಿದರು. ಅಷ್ಟು ಹೊತ್ತಿಗೆ ಕೆ.ಜಿ.ಎಫ್. ಚಿತ್ರದ ಕೀರ್ತಿಯು ದೇಶವನ್ನೆಲ್ಲ ತುಂಬಿತ್ತು. ಕೀರ್ತಿವಂತನಾದ ಮಗನು ತಂದೆಯ ಸುತ್ತಿಗೆಯನ್ನು ನಾಚಿಕೆಯಿಲ್ಲದೆ ಹಿಡಿದುದನ್ನು ಎಷ್ಟೋ ಮಂದಿ ಹೊಗಳಿದರು. ನಮಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ದೇವರ ಮೂರ್ತಿಯನ್ನು ಅಲಂಕರಿಸುವ ಕೈಗಳಿಗೆ ದಿನವೊಂದಕ್ಕೆ 35 ರೂಪಾಯಿ ಮಾತ್ರ ದೊರೆಯುವ ಕಾಲದಲ್ಲಿ ನಾವಿದ್ದೇವೆಂಬುದು ಹೊಗಳಿಕೆಯ ವಿಷಯವಲ್ಲ, ವಿಚಾರದ ವಿಷಯ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಬಸ್ರೂರಿನಲ್ಲಿಯೇ ಧ್ವನಿಮುದ್ರಣದ ಶಾಲೆಯನ್ನು ಕಟ್ಟಿದರು. ಕೆ.ಜಿ.ಎಫ್. ಎರಡನೆಯ ಭಾಗದ ಹಿನ್ನೆಲೆಸಂಗೀತವು ಈ ಹಳ್ಳಿಯಲ್ಲಿ ಸಿದ್ಧವಾಯಿತು. ನಿರ್ದೇಶಕರು ಕೆಲಸಕ್ಕಾಗಿ ಬಸ್ರೂರಿಗೆ ಬಂದರು. ಹೋಟೆಲಿನ ಕೆಲಸಕ್ಕೆಂದೋ ಓದಿಗೆಂದೋ ಬೆಂಗಳೂರು, ಮುಂಬಯಿಗಳ ಬಸ್ಸನ್ನು ಹತ್ತಿದ ನಮ್ಮ ಸೀಮೆಯ ಮಕ್ಕಳು ಹಬ್ಬಕ್ಕೆ ಮಾತ್ರ ಬರುವುದನ್ನು ಕಂಡ ಕಣ್ಣುಗಳಿಗೆ, ಪಟ್ಟಣವೇ ಹಳ್ಳಿಗೆ ಬಂದ ಈ ನೋಟವು ಸಾಮಾನ್ಯವಲ್ಲ.

‘ಹ್ವಾಯ್’ ಎಂದು ಕರೆದು ಮಾತಿಗೆ ತೊಡಗುವ ನಮ್ಮ ಕುಂದಾಪ್ರ ಕನ್ನಡವನ್ನು ಪಟ್ಟಣದವರು ಬಹುಕಾಲ ನಗೆಯ ವಸ್ತುವಾಗಿಯೇ ಕಂಡರು. ರವಿಯವರು 2014ರ ‘ಗರ್ಗರ್ ಮಂಡ್ಲ’, 2016ರ ‘ಬಿಲಿಂಡರ್’ ಎಂಬ ಚಿತ್ರಗಳನ್ನು ಆ ನುಡಿಯಲ್ಲಿಯೇ ನಿರ್ದೇಶಿಸಿದರು. 2019ರ ‘ಗಿರ್ಮಿಟ್’ ಎಂಬ ಚಿತ್ರದಲ್ಲಿ ಮಕ್ಕಳಿಂದಲೇ ದೊಡ್ಡವರ ಪಾತ್ರಗಳನ್ನು ಮಾಡಿಸಿ, ದೊಡ್ಡವರ ಧ್ವನಿಯನ್ನು ಕೂಡಿಸಿದರು. ಅದೇ ವರ್ಷದಿಂದ ಆಷಾಢದ ಅಮಾವಾಸ್ಯೆಯನ್ನು ‘ವಿಶ್ವ ಕುಂದಾಪ್ರ ಕನ್ನಡ ದಿನ’ವೆಂದು ಆಚರಿಸುವ ಪದ್ಧತಿಯೂ ಮೊದಲಾಯಿತು. ತಾಯ್ನುಡಿಯ ಬಗೆಗಿನ ಸಂಕೋಚವು ಹೀಗೆ ಮೆಲ್ಲಮೆಲ್ಲನೆ ಕರಗುತ್ತಿದೆ.

2025ರಲ್ಲಿ ಅವರು ನಿರ್ದೇಶಿಸಿದ ‘ವೀರ ಚಂದ್ರಹಾಸ’ವು ಯಕ್ಷಗಾನವನ್ನೇ ತೆರೆಗೆ ತಂದಿತು. ಚಂದ್ರಹಾಸನ ಕಥೆಯನ್ನು ಲಕ್ಷ್ಮೀಶಕವಿಯ ಜೈಮಿನಿಭಾರತದಿಂದ ಬಲ್ಲವರು ಇಂದಿಗೂ ನಮ್ಮ ಮನೆಗಳಲ್ಲಿರುವರು. ತಂದೆತಾಯಿಗಳನ್ನು ಕಳೆದುಕೊಂಡ ಮಗುವು ಕಂಡವರ ಕೈಯನ್ನದಿಂದ ಬೆಳೆಯುತ್ತದೆ. ದುಷ್ಟಬುದ್ಧಿಯೆಂಬ ಮಂತ್ರಿಯು ಅವನಿಗೆ ವಿಷವನ್ನು ಕೊಡಿಸಲು ಪತ್ರವನ್ನು ಬರೆದರೆ, ಅವನ ಮಗಳಾದ ವಿಷಯೆಯು ಅದರ ಅಕ್ಷರವನ್ನು ತಿದ್ದಿ, ವಿಷದ ಜಾಗದಲ್ಲಿ ತನ್ನ ಹೆಸರನ್ನು ನಿಲ್ಲಿಸುತ್ತಾಳೆ. ಒಂದು ಅಕ್ಷರದ ತಿದ್ದುಪಡಿಯಿಂದ ಮರಣವು ಮದುವೆಯಾಯಿತು. ಕಾಲವು ಕೈಹಿಡಿಯಬೇಕಾದಾಗ ಒಬ್ಬರ ಚಿಕ್ಕ ಉಪಕಾರವು ಎಷ್ಟು ದೊಡ್ಡದಾಗುವುದೆಂಬ ಆ ಕಥೆಯನ್ನು, ಅಂತಹ ಉಪಕಾರದಿಂದಲೇ ಮೇಲೆದ್ದವರು ಆರಿಸಿಕೊಂಡುದು ಉಚಿತವಾಗಿಯೇ ಇದೆ.

ಗೃಹಸ್ಥರಿಗೊಂದು ಮಾತು

ಈ ವೃತ್ತಾಂತವನ್ನು ಓದಿ ಮಕ್ಕಳನ್ನೆಲ್ಲ ಶಾಲೆಯಿಂದ ಬಿಡಿಸಿ ಕೀಬೋರ್ಡಿನ ಮುಂದೆ ಕೂರಿಸಬೇಕೆಂದು ನಾವು ಹೇಳುವುದಿಲ್ಲ. ಸಾವಿರ ಮಂದಿ ಹೊರಟರೆ ಗುರಿಮುಟ್ಟುವವರು ಕೆಲವರೇ. ಆದರೆ ಪಾತ್ರೆಯನ್ನು ಬಡಿದು ತಾಳಹಾಕುವ ಮಗುವನ್ನು ಗದರಿಸುವ ಮೊದಲು ಒಂದು ಗಳಿಗೆ ಕಿವಿಗೊಡಿರಿ. ಅದರ ಪೆಟ್ಟುಗಳ ನಡುವಣ ಬಿಡುವು ಸಮವಾಗಿದ್ದರೆ, ಆಟ ನೋಡಿ ಬಂದ ಮರುದಿನ ಭಾಗವತರ ಪದವು ಅದರ ನಾಲಗೆಯ ಮೇಲೆ ತಪ್ಪಿಲ್ಲದೆ ಕುಳಿತಿದ್ದರೆ, ಅದನ್ನು ಭಜನಾಮಂದಿರಕ್ಕೆ ಕರೆದೊಯ್ಯಿರಿ. ಅಟ್ಟದ ಮೇಲಿನ ಹಳೆಯ ಹಾರ್ಮೋನಿಯಮ್ಮಿನ ಧೂಳನ್ನು ಒರಸಿ ಕೊಡಿರಿ. ಸ್ಪರ್ಧೆಯ ವೇದಿಕೆಗೆ ಅವಸರಪಡಬೇಡಿರಿ. ಓದುಬರೆಹವೂ ಜೊತೆಗೆ ನಡೆಯಲಿ, ಮನೆಯ ಕಸುಬಿನ ಪರಿಚಯವೂ ಇರಲಿ. ಕೈಗೆ ಬಂದ ಕಸುಬು ಎಂದೂ ಭಾರವಲ್ಲ.

ಉಳಿದ ಮಾತು ಅನುಕೂಲವಂತರಿಗೆ ಸೇರಿದುದು. ಕಿವಿಯೂ ಶ್ರಮವೂ ಇದ್ದು, ಒಂದು ವಾದ್ಯದ ಬೆಲೆ ಮಾತ್ರ ಇಲ್ಲದುದರಿಂದ ಮೂಲೆಯಲ್ಲುಳಿದ ಹುಡುಗರು, ಅದಕ್ಕಿಂತಲೂ ಹೆಚ್ಚಾಗಿ ಹುಡುಗಿಯರು, ನಮ್ಮ ಊರುಗಳಲ್ಲಿ ಎಷ್ಟು ಮಂದಿ ಇರುವರೋ! ದೇವಸ್ಥಾನದ ಜೀರ್ಣೋದ್ಧಾರಕ್ಕೆ ಉದಾರವಾಗಿ ಕೊಡುವ ಕೈಗಳು ವರ್ಷಕ್ಕೊಂದು ಮಗುವಿಗೆ ಒಂದು ವಾದ್ಯವನ್ನು ಕೊಟ್ಟರೆ ಅದೂ ದೇವರ ಸೇವೆಯೇ. ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಬೇಕಾಗಿಲ್ಲ. ಅದನ್ನು ಪಡೆದ ಮಗುವೇ ಒಂದು ದಿನ ಆ ಹೆಸರನ್ನು ತನ್ನದಾಗಿ ಹೊತ್ತು ನಡೆದೀತು.